ಎಮ್ಮಾ ತೆನಾಯುಕಾ: ಸ್ಯಾನ್ ಆಂಟೋನಿಯೋದ ಹೋರಾಟಗಾರ್ತಿ

ಹೋರಾಟಗಾರರ ಜೀವನಚರಿತ್ರೆ ಓದುವಾಗ ನಾನು ಮೊದಲು ಲೆಕ್ಕ ಹಾಕುವುದು ಅವರ ವಯಸ್ಸನ್ನು. ಎಮ್ಮಾ ತೆನಾಯುಕಾ ಮೊದಲ ಸಲ ಬಂಧನಕ್ಕೊಳಗಾದಾಗ ಅವರಿಗೆ 16 ವರ್ಷ. ನಾವು ಪ್ರಥಮ ಪಿಯುಸಿಗೆ ಸೇರುವ ವಯಸ್ಸು. ಹನ್ನೆರಡು ಸಾವಿರ ಕಾರ್ಮಿಕರ ಮುಷ್ಕರದ ಮುಂದೆ ನಿಂತಾಗ 21.

ಎಮ್ಮಾ ಹುಟ್ಟಿದ್ದು 1916ರ ಡಿಸೆಂಬರ್ 21ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ. ಟೆಕ್ಸಾಸ್ ಹಿಂದೊಮ್ಮೆ ಮೆಕ್ಸಿಕೋಗೆ ಸೇರಿದ್ದ ನೆಲ. ಗಡಿ ಸರಿಯಿತು, ಜನ ಅಲ್ಲೇ ಉಳಿದರು. ಆಮೇಲೆ ಕೂಲಿ ಹುಡುಕಿಕೊಂಡು ಇನ್ನಷ್ಟು ಜನ ಗಡಿ ದಾಟಿ ಬಂದರು. ನಗರದ ಪಶ್ಚಿಮ ಭಾಗದ ಇಕ್ಕಟ್ಟಾದ ಬಡಾವಣೆಗಳೇ ಇವರ ವಾಸ. ಎಮ್ಮಾ ಅವರ ತಂದೆ ತಾಯಿಗೆ ಹನ್ನೊಂದು ಮಕ್ಕಳು. ಅವರು ಬೆಳೆದದ್ದು ಅಜ್ಜ ಅಜ್ಜಿಯ ಮನೆಯಲ್ಲಿ. ಈಗ ಮಿಲಾಮ್ ಪಾರ್ಕ್ ಎಂದು ಕರೆಯುವ ಬಯಲಿಗೆ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಭಾಷಣಗಳು, ಮೆಕ್ಸಿಕೋ ಕ್ರಾಂತಿಯ ಬಗ್ಗೆ ವಾದಗಳು, ಕೆಲಸ ಕೊಡಿಸುವುದಾಗಿ ಮೋಸ ಹೋದವರ ಗೋಳು. ಈ ಬಯಲೇ ಅವರ ಮೊದಲ ಶಾಲೆ ಎಂದು ನನಗೆ ಅನಿಸುತ್ತದೆ.

1933ರಲ್ಲಿ ಫಿಂಕ್ ಎಂಬ ಸಿಗಾರ್ ಕಾರ್ಖಾನೆಯ ಹೆಂಗಸರು ಮುಷ್ಕರ ಹೂಡಿದರು. ಹೈಸ್ಕೂಲಿನಲ್ಲಿದ್ದ ಎಮ್ಮಾ ಅವರ ಜೊತೆ ಹೋಗಿ ನಿಂತು ಜೈಲು ಕಂಡರು. ಓದು ಮುಗಿದ ಮೇಲೆ ನಿರುದ್ಯೋಗಿಗಳ ಸಂಘಟನೆಯಾದ ವರ್ಕರ್ಸ್ ಅಲಯನ್ಸ್‌ನಲ್ಲಿ ದುಡಿದರು, ಕಮ್ಯುನಿಸ್ಟ್ ಪಕ್ಷವನ್ನೂ ಸೇರಿದರು.

ಈಗ ಪೆಕಾನ್ ವಿಷಯಕ್ಕೆ ಬರುತ್ತೇನೆ. ಪೆಕಾನ್ ಎಂದರೆ ಅಕ್ರೋಟಿನ ಬಳಗದ ಒಂದು ಕಾಯಿ. ಸಿಪ್ಪೆ ಒಡೆದು ಒಳಗಿನ ತಿರುಳನ್ನು ಕೈಯಿಂದ ಬಿಡಿಸಬೇಕು. ಸ್ಯಾನ್ ಆಂಟೋನಿಯೋದಲ್ಲಿ ಈ ಕೆಲಸ ಮಾಡುತ್ತಿದ್ದವರು ಬಹುಪಾಲು ಮೆಕ್ಸಿಕನ್ ಮೂಲದವರು, ಅವರಲ್ಲೂ ಹೆಂಗಸರು ಹೆಚ್ಚು. ಕೂಲಿ ತೂಕದ ಮೇಲೆ. ವಾರವಿಡೀ ದುಡಿದರೂ ಎರಡು ಮೂರು ಡಾಲರ್ ಸಿಗುತ್ತಿತ್ತು, ಅಷ್ಟೇ. ಗಾಳಿ ಬೆಳಕು ಸರಿಯಾಗಿಲ್ಲದ ಕೋಣೆ, ಕೈ ತೊಳೆಯಲು ನೀರಿಲ್ಲ, ಉಸಿರಿನೊಂದಿಗೆ ಒಳಗೆ ಹೋಗುವ ಕಂದು ಧೂಳು. ಆ ನಗರದಲ್ಲಿ ಲಕ್ಷಕ್ಕೆ 148 ಮಂದಿ ಕ್ಷಯದಿಂದ ಸಾಯುತ್ತಿದ್ದರು. ದೇಶದ ಸರಾಸರಿ 54. ಈ ಧೂಳೂ ಅದಕ್ಕೊಂದು ಕಾರಣವೆಂದು ಜನ ನಂಬಿದ್ದರು.

1938ರ ಜನವರಿ ಕೊನೆಗೆ ಮಾಲೀಕರು ಪೌಂಡಿಗೆ ಒಂದು ಸೆಂಟ್ ಕಡಿತ ಮಾಡಿದರು. ಏಳು ಸೆಂಟ್ ಇದ್ದದ್ದು ಆರಾಯಿತು, ಆರು ಇದ್ದದ್ದು ಐದು. ಒಂದು ಸೆಂಟ್ ಎಂದರೆ ಡಾಲರಿನ ನೂರನೇ ಒಂದು ಭಾಗ! ಜನವರಿ 31ರಂದು ಕಾರ್ಮಿಕರು ಕೆಲಸ ಬಿಟ್ಟು ಹೊರಬಂದು ಎಮ್ಮಾ ಅವರನ್ನು ನಾಯಕಿಯಾಗಿ ಆರಿಸಿದರು. ಪೊಲೀಸರು ಅಶ್ರುವಾಯು ಸಿಡಿಸಿದರು, ಸಾವಿರಕ್ಕೂ ಹೆಚ್ಚು ಜನರನ್ನು ಜೈಲಿಗೆ ಹಾಕಿದರು. ಕಮ್ಯುನಿಸ್ಟ್ ಎಂಬ ಹೆಸರು ಮುಷ್ಕರಕ್ಕೆ ತೊಡಕಾಗುತ್ತದೆಂದು ಕಾರ್ಮಿಕ ಸಂಘದ ಹಿರಿಯರು ಎಮ್ಮಾ ಅವರನ್ನು ಮುಂದಾಳತ್ವದಿಂದ ಸರಿಸಿದರು. ಅವರು ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ಹಿಂದೆ ನಿಂತು ಕೆಲಸ ಮುಂದುವರಿಸಿದರು. ನನಗೆ ಅವರಲ್ಲಿ ಬಹಳ ಹಿಡಿಸಿದ್ದು ಇದು.

37 ದಿನಗಳ ನಂತರ ಮಾಲೀಕರು ಮಧ್ಯಸ್ಥಿಕೆಗೆ ಒಪ್ಪಿದರು. ಕೂಲಿ ಏಳು, ಎಂಟು ಸೆಂಟಿಗೆ ಏರಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಅಕ್ಟೋಬರಿನಲ್ಲಿ ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ ಕೊಡಬೇಕೆಂಬ ಕಾನೂನು ದೇಶದಲ್ಲಿ ಜಾರಿಗೆ ಬಂತು. ಮಾಲೀಕರು ಯಂತ್ರ ತಂದರು. ಮೂರು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಹಾಗಾದರೆ ಮುಷ್ಕರ ವ್ಯರ್ಥವೇ? ನಾನು ಒಪ್ಪುವುದಿಲ್ಲ. ಯಂತ್ರ ಅವರಿಗೆ ಹೊಸದಲ್ಲ. ಅತಿ ದೊಡ್ಡ ಕಂಪನಿಯೇ 1926ರಲ್ಲಿ ಯಂತ್ರ ಬಿಟ್ಟು ಕೈಕೆಲಸಕ್ಕೆ ಮರಳಿತ್ತು, ಏಕೆಂದರೆ ಈ ಜನರ ಕೈ ಯಂತ್ರಕ್ಕಿಂತ ಅಗ್ಗವಾಗಿತ್ತು. ಹೊಟ್ಟೆ ತುಂಬದ ಕೂಲಿಯ ಮೇಲೆ ನಿಂತಿದ್ದ ಕೆಲಸ ಅದು. ಆದರೆ ಕೆಲಸ ಹೋದ ಮನೆಗಳಲ್ಲಿ ಈ ತರ್ಕದಿಂದ ಒಲೆ ಹೊತ್ತಿರಲಾರದು, ಅದೂ ನಿಜ.

1939ರ ಆಗಸ್ಟ್ 25ರಂದು ನಗರ ಸಭಾಂಗಣದಲ್ಲಿ ಎಮ್ಮಾ ಕಮ್ಯುನಿಸ್ಟ್ ಪಕ್ಷದ ಸಭೆ ಕರೆದಿದ್ದರು. ಹೊರಗೆ ಸಾವಿರಾರು ಜನ ಸೇರಿ ಕಲ್ಲು ಇಟ್ಟಿಗೆ ತೂರಿ, ಕಿಟಕಿ ಒಡೆದು ಒಳನುಗ್ಗಿದರು. ಪೊಲೀಸರ ನೆರವಿನಿಂದ ಎಮ್ಮಾ ಪಾರಾದರು. ಆಮೇಲೆ ಹುಟ್ಟಿದ ಊರಿನಲ್ಲಿ ಅವರಿಗೆ ಕೆಲಸ ಕೊಡುವವರೇ ಇಲ್ಲವಾದರು. ಊರು ಬಿಟ್ಟರು, ಮುಂದೆ ಪಕ್ಷವನ್ನೂ ಬಿಟ್ಟರು. ದೂರದ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಓದಲು ಕುಳಿತು, 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಿಂದ ಪದವಿ ಪಡೆದರು.

1960ರ ದಶಕದ ಕೊನೆಗೆ ಅವರು ಸ್ಯಾನ್ ಆಂಟೋನಿಯೋಗೆ ಮರಳುವ ಹೊತ್ತಿಗೆ ಕಾಲ ಬದಲಾಗಿತ್ತು. ಮೆಕ್ಸಿಕನ್ ಮೂಲದ ಹೊಸ ತಲೆಮಾರು ತಮ್ಮನ್ನು ಹೆಮ್ಮೆಯಿಂದ ಚಿಕಾನೊ ಎಂದು ಕರೆದುಕೊಂಡು ಶಾಲೆ, ಹೊಲ, ಮತಗಟ್ಟೆಗಳ ಹಕ್ಕಿಗಾಗಿ ಬೀದಿಗಿಳಿದಿತ್ತು. ಮರೆತುಹೋಗಿದ್ದ ಎಮ್ಮಾ ಅವರನ್ನು ಹುಡುಕಿ, ಮಾತಾಡಿಸಿ, ಬರೆದಿಟ್ಟವರು ಈ ಚಳವಳಿಯ ಕಾಲದವರೇ. ಎಮ್ಮಾ ಮಾತ್ರ ಹೊಸ ಸಂಘ ಕಟ್ಟಲು ಹೋಗಲಿಲ್ಲ. 1974ರಲ್ಲಿ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1982ರಲ್ಲಿ ನಿವೃತ್ತರಾಗುವವರೆಗೂ ಅದೇ ನಗರದ ಮಕ್ಕಳಿಗೆ ಪಾಠ ಹೇಳಿಕೊಟ್ಟರು. ಕೊನೆಗಾಲದಲ್ಲಿ ಅಲ್ಝೈಮರ್ ಕಾಯಿಲೆ ಕಾಡಿತು. 1999ರ ಜುಲೈ 23ರಂದು ತಾವು ಹುಟ್ಟಿದ ಊರಿನಲ್ಲೇ ತೀರಿಕೊಂಡರು.