ಡಾ. ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ (1762–1829): ಮೀನುಮರಿ ಖರೀದಿಸುವವರ ಮಾಹಿತಿಗಾಗಿ

ರಾಜರಾಜೇಶ್ವರಿನಗರ, ಕೆಂಗೇರಿ ಸುತ್ತಲಿನಿಂದ ಮೀನು ಸಾಕಾಣಿಕೆಗಾಗಿ ಬಿತ್ತನೆ ಮರಿಗಳನ್ನು ಕೋರುವ ಅರ್ಜಿದಾರರು ಸಾಮಾನ್ಯವಾಗಿ ಕಾಟ್ಲಾ, ರೋಹು ಮತ್ತು ಮೃಗಾಲ್ ತಳಿಗಳನ್ನು ನಮೂದಿಸುತ್ತಾರೆ. ಇವು ಕಾವೇರಿಯ ಮೂಲ ತಳಿಗಳಲ್ಲ, ಗಂಗಾ ನದಿಯವು. ಈ ಮೂರನ್ನೂ 1822ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಸಿದವರು ಡಾ. ಬುಕಾನನ್.

ಸ್ಕಾಟ್ಲೆಂಡಿನಲ್ಲಿ ಜನಿಸಿದ ಇವರು ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ವ್ಯಾಸಂಗ ಮಾಡಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯ ಸೇವೆಗೆ ಸೇರಿದರು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ತರುವಾಯ, ಮೈಸೂರು ಸೀಮೆಯ ಸ್ಥಿತಿಗತಿಗಳ ವರದಿ ನೀಡುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯವರು ಇವರನ್ನು ನಿಯೋಜಿಸಿದರು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಬೆಂಗಳೂರಿಗೆ ಬಂದು, ಚನ್ನಪಟ್ಟಣ, ಮದ್ದೂರು, ಮಂಡ್ಯ ಮಾರ್ಗವಾಗಿ ಶ್ರೀರಂಗಪಟ್ಟಣ ತಲುಪಿದರು. ಬೆಳೆ, ಕೆರೆ ನೀರಾವರಿ, ಕಂದಾಯ, ನೇಯ್ಗೆ, ಕಬ್ಬಿಣದ ಕುಲುಮೆ ಯಾವುದನ್ನೂ ಬಿಡದೆ ಬರೆದುಕೊಂಡರು. ಆ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಕಚೇರಿ ಕಡತ ಬರೆಯುವವರಿಗೆ ಇಂದಿಗೂ ಅದು ಮಾದರಿಯೆನ್ನಬಹುದು.

1807ರಿಂದ 1814ರವರೆಗೆ ಬಂಗಾಳದ ಸರ್ವೇಕ್ಷಣೆ ನಡೆಸುತ್ತ ಮೀನುಗಳನ್ನೂ ಪರಿಶೀಲಿಸಿ, ಸ್ಥಳೀಯ ಚಿತ್ರಕಾರರಿಂದ ಚಿತ್ರ ಬರೆಸಿದರು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಅನೇಕ ಚಿತ್ರಗಳನ್ನು ಕೊಂಡೊಯ್ಯಲು ಸರ್ಕಾರ ಬಿಡಲಿಲ್ಲ. ಅವು ಕಲ್ಕತ್ತೆಯಲ್ಲೇ ಉಳಿದವು. ಆದರೂ 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದರು. ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ್ದರಿಂದ, ಪುಸ್ತಕಗಳಲ್ಲಿ ಇವರ ಹೆಸರು ಎರಡು ಬಗೆಯಾಗಿ ಕಾಣುತ್ತದೆ. 1829ರಲ್ಲಿ ನಿಧನರಾದರು.

ಬಾಯಿ, ತುಟಿ, ಮೀಸೆ, ಈಜುರೆಕ್ಕೆಗಳನ್ನು ನೋಡಿ ತಳಿಯನ್ನು ನಿರ್ಧರಿಸುವ ಇವರ ಕ್ರಮವೇ ಇಂದಿಗೂ ಆಧಾರ. ಆದರೆ ಬೆರಳುದ್ದದ ಮರಿಗಳು ಮೇಲ್ನೋಟಕ್ಕೆ ಒಂದೇ ತೆರನಾಗಿರುತ್ತವೆ. ಕಾಟ್ಲಾ ಮರಿಯ ತಲೆ ದೊಡ್ಡದು, ಮೈ ಅಗಲ, ಬಾಯಿ ಮೇಲ್ಮುಖ. ಮೀಸೆ ಇಲ್ಲ, ಬಾಲದ ಬುಡದಲ್ಲಿ ಮಚ್ಚೆಯೂ ಇಲ್ಲ. ತೊಡಕಿರುವುದು ಉಳಿದೆರಡರಲ್ಲಿ. ಎರಡಕ್ಕೂ ಬಾಲದ ಬುಡದಲ್ಲಿ ಕಪ್ಪು ಗುರುತು ಇರುವುದರಿಂದ ಮಚ್ಚೆಯೊಂದನ್ನೇ ನಂಬಬಾರದು. ರೋಹುವಿನ ತುಟಿ ದಪ್ಪ, ಅಂಚು ಜಾಲರಿನಂತೆ; ಮೃಗಾಲ್‌ನದು ತೆಳು ಹಾಗೂ ನಯವಾದ ತುಟಿ, ಮೈ ನೀಳ, ಮಚ್ಚೆ ತ್ರಿಕೋನ ಅಥವಾ ವಜ್ರಾಕಾರ. ಮರಿಗಳನ್ನು ಬಿಳಿ ತಟ್ಟೆಯ ನೀರಿನಲ್ಲಿ ಬಿಟ್ಟು ಭೂತಗನ್ನಡಿಯಿಂದ ನೋಡುವುದು ಸೂಕ್ತ.

1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಒರಿಸ್ಸಾದಲ್ಲಿ ಪ್ರೇರಿತ ಸಂತಾನೋತ್ಪತ್ತಿ ಸಾಧಿಸುವ ಮೊದಲು ಮರಿಗಳನ್ನು ನದಿಯಿಂದಲೇ ಹಿಡಿಯಬೇಕಿತ್ತು. ಬೇಡದ ಮೀನುಗಳೂ ಬೆರೆತು ಬರುತ್ತಿದ್ದವು. ಈಗ ಮರಿ ಕೇಂದ್ರಗಳಿಂದ ಬಂದರೂ ಮಿಶ್ರಣ ಸಾಧ್ಯ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಕಾಟ್ಲಾ ಎಂದು ಹಣ ತೆತ್ತು ಮೃಗಾಲ್ ಬಿಟ್ಟಲ್ಲಿ, ತಳದಲ್ಲಿ ಪೈಪೋಟಿ ಹೆಚ್ಚಿ ಮೇಲಿನ ಆಹಾರ ವ್ಯರ್ಥವಾಗುತ್ತದೆ. ಖರ್ಚಿನ ಬಾಬು ಅಷ್ಟೇ ಇರುತ್ತದೆ, ಜಮೆ ಮಾತ್ರ ಇಳಿಯುತ್ತದೆ. ಅದು ತಿಳಿಯುವುದು ತಿಂಗಳುಗಳ ನಂತರ ಬಲೆ ಎಳೆದಾಗ.

ಆದ್ದರಿಂದ ಅರ್ಜಿದಾರರು ಮರಿಗಳನ್ನು ಪಡೆಯುವ ಸ್ಥಳದಲ್ಲಿಯೇ ಕೆಲವನ್ನು ಪರೀಕ್ಷಿಸಿ, ಸಂಶಯವಿದ್ದಲ್ಲಿ ಕೊಳಕ್ಕೆ ಬಿಡುವ ಮುನ್ನ ಸಂಬಂಧಪಟ್ಟ ಮೀನುಗಾರಿಕೆ ಅಧಿಕಾರಿಗಳ ಗಮನಕ್ಕೆ ತರಲು ಕೋರಲಾಗಿದೆ.