ಪದಗಳನ್ನು ಸಾಲಾಗಿ ನಿಲ್ಲಿಸಿದ ಕಿಟ್ಟೆಲ್

ಮಕ್ಕಳೇ, ಚಾಮರಾಜನಗರದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಮೊದಲು ಯಳಂದೂರು, ಆಮೇಲೆ ಕೊಳ್ಳೇಗಾಲ, ನಂತರ ಹನೂರು ಸಿಗುತ್ತವೆ. ಇದೇ ಹೆಸರುಗಳನ್ನು ಅಕಾರಾದಿಯಾಗಿ ಬರೆದರೆ ಕೊಳ್ಳೇಗಾಲ, ಯಳಂದೂರು, ಹನೂರು ಎಂದಾಗುತ್ತದೆ. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಾದರೆ ಹನೂರೇ ಮೊದಲು! ಯಾವುದೂ ತಪ್ಪಲ್ಲ. ಬಸ್ಸು ಹತ್ತುವವರಿಗೆ ದಾರಿಯ ಕ್ರಮ ಬೇಕು, ಹೆಸರು ಹುಡುಕುವವರಿಗೆ ಅಕ್ಷರದ ಕ್ರಮ ಬೇಕು. ಮೂರು ಊರಿಗೇ ಹೀಗಾದರೆ ಸುಮಾರು 70,000 ಪದಗಳನ್ನು ಜೋಡಿಸಬೇಕಾದವರ ಪಾಡೇನು?

ಅಂಥ ಕೆಲಸಕ್ಕೆ ಕೈಹಾಕಿದವರು ಫರ್ಡಿನೆಂಡ್ ಕಿಟ್ಟೆಲ್. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದರು. ಆದರೆ ಬಂದ ಕೆಲಸಕ್ಕಿಂತ ಕನ್ನಡವೇ ಅವರನ್ನು ಹೆಚ್ಚು ಸೆಳೆಯಿತು ಎನ್ನಬೇಕು. ಜನರ ಆಡುಮಾತು, ಗಾದೆಗಳನ್ನು ಕೂಡಿಹಾಕಿದರು. ಹಳಗನ್ನಡ ಕಲಿತು, ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಅಚ್ಚು ಹಾಕಿಸಿದರು.

ಹಿಂದಿನ ಕಾಲದ ನಿಘಂಟುಗಳು ಪದ್ಯರೂಪದಲ್ಲಿರುತ್ತಿದ್ದವು. ಸಂಸ್ಕೃತದ ಅಮರಕೋಶದಲ್ಲಿ ಸ್ವರ್ಗ, ಭೂಮಿ, ಗಿಡಮರ, ಪ್ರಾಣಿ ಎಂದು ವಿಷಯವಾರು ಪದಗಳಿವೆ. ಬಾಯಿಪಾಠ ಮಾಡುವವರಿಗೆ ಇದು ಬಹಳ ಅನುಕೂಲ. ಆದರೆ ಅರ್ಥವೇ ತಿಳಿಯದ ಪದವನ್ನು ಯಾವ ಗುಂಪಿನಲ್ಲಿ ಹುಡುಕುವುದು? 'ಕಾಲು' ಎಂಬುದನ್ನೇ ನೋಡಿ. ಅದು ದೇಹದ ಭಾಗವೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ವಿಷಯವಾರು ಜೋಡಿಸಿದರೆ ಎರಡು ಕಡೆ ಬರೆಯಬೇಕು. ವರ್ಣಮಾಲೆಯ ಸಾಲಿನಲ್ಲಿ ಹುಡುಕುವ ಜಾಗ ಒಂದೇ. ಹೊಸ ಪದ ಸಿಕ್ಕರೂ ಅದರ ಜಾಗ ಮೊದಲೇ ಗೊತ್ತಾಗಿರುತ್ತದೆ.

ಕಿಟ್ಟೆಲ್ ಹುಟ್ಟಿದ ವರ್ಷವೇ ಹೊರಬಂದ ವಿಲಿಯಂ ರೀವ್ ಅವರ ನಿಘಂಟು ಅಕ್ಷರಕ್ರಮದಲ್ಲಿತ್ತು. ಕಿಟ್ಟೆಲ್ ಅವರೂ ಅದನ್ನೇ ಆರಿಸಿಕೊಂಡರು. ಅರ್ಥಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೂ ಪದಗಳ ಸಾಲು ಮಾತ್ರ ಕನ್ನಡ ವರ್ಣಮಾಲೆಯದು. ಎಷ್ಟೋ ಪದಗಳ ಕೆಳಗೆ ಗಾದೆಗಳನ್ನೂ ಸೇರಿಸಿದರು. ವರ್ಷಗಟ್ಟಲೆ ದುಡಿದ ಮೇಲೆ 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಪುಟಗಳು 1,700ಕ್ಕೂ ಹೆಚ್ಚು! ಅವರ ಕನ್ನಡ ವ್ಯಾಕರಣ 1903ರಲ್ಲಿ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಜರ್ಮನಿಯಲ್ಲಿ ತೀರಿಕೊಂಡರು.

ಈಗ ಪದಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ಜೋಡಿಸುತ್ತದೆ. ಅದರೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಯೂನಿಕೋಡ್ ಎಂಬ ಪಟ್ಟಿಯಲ್ಲಿ 'ಳ' ಅಕ್ಷರದ ಸಂಖ್ಯೆ 'ವ'ಗಿಂತ ಚಿಕ್ಕದು. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಕಳೆ, ಕವಿ, ಕಹಿ ಎಂದು ಬರುತ್ತದೆ. ನಿಮ್ಮ ಪುಸ್ತಕದ ವರ್ಣಮಾಲೆಯಲ್ಲಿ 'ಳ' ಕೊನೆಗಿದೆಯಲ್ಲವೆ? ಅದರಂತೆ ಕವಿ, ಕಹಿ, ಕಳೆ ಎಂದಾಗಬೇಕು. ಹಾಗಾಗಲು ಪ್ರೋಗ್ರಾಂ ಬರೆಯುವವರು ನಮ್ಮ ಕ್ರಮವನ್ನು ಕಂಪ್ಯೂಟರಿಗೆ ಬೇರೆಯಾಗಿ ಹೇಳಿಕೊಡಬೇಕು.