ಪೊಲೀಸ್ ಅಧಿಕಾರಿಯ ಇಂದಿರಾಬಾಯಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಬಾಲ್ಯವಿವಾಹದ ಸುದ್ದಿ ಓದಿದಾಗೆಲ್ಲ ನನಗೆ ಗುಲ್ವಾಡಿ ವೆಂಕಟರಾಯರು ನೆನಪಾಗ್ತಾರೆ. ಕಾನೂನು ಹುಡುಗಿಯ ಪರ ಇದ್ದರೂ ಮನೆಯೇ ಅಡ್ಡ ನಿಂತರೆ ಏನಾಗುತ್ತೆ ಅಂತ ಕತೆ ಕಟ್ಟಿದವರು ಅವರು.

1844ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ರಾಯರು ಬ್ರಿಟಿಷರ ಕೈಕೆಳಗೆ ಪೊಲೀಸ್ ಅಧಿಕಾರಿಯಾಗಿದ್ದರು. ವಿಧವಾ ವಿವಾಹಕ್ಕೆ 1856ರಲ್ಲೇ ಕಾಯ್ದೆ ಬಂದಿತ್ತು. ಜಾತಿಯ ಬಹಿಷ್ಕಾರ ಮಾತ್ರ ಹೋಗಿರಲಿಲ್ಲ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಅವರ ‘ಇಂದಿರಾಬಾಯಿ’ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನೋ ಹೆಸರು ಅದಕ್ಕೇ.

ಬಾಲವಿಧವೆ ಇಂದಿರೆಯನ್ನು ಹೆತ್ತವರೇ ಸಂತಮಂಡಳಿಯ ಕಪಟಿಗಳ ಕಡೆಗೆ ನೂಕುತ್ತಾರೆ. ಅವಳು ಮನೆ ಬಿಡ್ತಾಳೆ, ಅಮೃತರಾಯರ ಆಶ್ರಯದಲ್ಲಿ ಓದ್ತಾಳೆ, ಆಮೇಲೆ ಇಂಗ್ಲೆಂಡಿನಲ್ಲಿ ಕಲಿತು ಬಂದ ಭಾಸ್ಕರನನ್ನು ಮದುವೆಯಾಗ್ತಾಳೆ. ಕೊನೆಗೂ ಮದುವೆಯೇ ಯಾಕೆ ಅಂತ ನಾವು ಕೇಳಬಹುದು, ಕೇಳಲೇಬೇಕು. ಆದರೆ ಮೊದಲು ಓದು, ಆಮೇಲೆ ಮದುವೆ ಅನ್ನೋ ಆ ಕ್ರಮ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಮಂಡಳಿಯ ಒಳಗುಟ್ಟು ಬಿಚ್ಚುವ ಕಡೆ ಪೊಲೀಸ್ ಕಣ್ಣು ಚೆನ್ನಾಗೇ ಕೆಲಸ ಮಾಡಿದೆ!

‘ಭಾಗೀರಥಿ’, ‘ಸೀಮಂತಿನಿ’ ಆಮೇಲಿನವು. ರಾಯರು ತೀರಿಕೊಂಡಿದ್ದು 1913ರಲ್ಲಿ. ಅದೇ ವರ್ಷ, ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬ ‘ಸತಿ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದರು.